ತೊಂಬತ್ತು ಗ್ರಾಹಕರ ಪಾಸ್‌ವರ್ಡ್‌ಗಳನ್ನು ಒಂದೇ ಕಡೆ ಇಡಬಹುದೇ?

ಪ್ರಶ್ನೆ: ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ಸಣ್ಣ ತೆರಿಗೆ ಸಲಹಾ ಕಚೇರಿ ಇದೆ. ಮೆಕ್ಕೆಜೋಳದ ದಲ್ಲಾಲಿಗಳು, ಮಂಡಕ್ಕಿ ಭಟ್ಟಿಯವರು, ಬಟ್ಟೆ ಅಂಗಡಿಯವರು, ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಗಳು ಎಲ್ಲ ಸೇರಿ ತೊಂಬತ್ತರಷ್ಟು ಗ್ರಾಹಕರಿದ್ದಾರೆ. ಅವರ ಜಿಎಸ್‌ಟಿ, ಆದಾಯ ತೆರಿಗೆ, ಇ-ವೇ ಬಿಲ್ ಲಾಗಿನ್‌ಗಳು ಒಂದು ನೋಟ್‌ಬುಕ್ಕಿನಲ್ಲಿಯೂ ಒಂದು ಎಕ್ಸೆಲ್ ಫೈಲಿನಲ್ಲಿಯೂ ಇವೆ. ಇಬ್ಬರು ಸಹಾಯಕರು ಅದನ್ನೇ ನೋಡಿಕೊಂಡು ಕೆಲಸ ಮಾಡುತ್ತಾರೆ. ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಮಾಸ್ಟರ್ ಪಾಸ್‌ವರ್ಡಿನ ಬೀಗದಡಿ ಇಡುವ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶ ಬಳಸಿ ಎಂದು ಮಗಳು ಒತ್ತಾಯಿಸುತ್ತಿದ್ದಾಳೆ. ಎಲ್ಲವನ್ನೂ ಒಂದೇ ಕಡೆ ಇಟ್ಟು ಅದೇ ಕಳುವಾದರೆ ಏನು ಗತಿ? ಮಾಸ್ಟರ್ ಪಾಸ್‌ವರ್ಡ್ ಮರೆತರೆ? ನನಗೇ ಏನಾದರೂ ಆದರೆ?

ಉತ್ತರ: ನಿಮ್ಮ ಮೊದಲ ಆತಂಕದಿಂದಲೇ ಆರಂಭಿಸುತ್ತೇನೆ. ಎಲ್ಲವನ್ನೂ ಒಂದೇ ಕಡೆ ಇಡುವುದು ಸರಿಯೇ ಎಂದು ಕೇಳಿದ್ದೀರಿ. ಆದರೆ ಈಗಲೂ ಅವೆಲ್ಲ ಒಂದೇ ಕಡೆ ಇವೆ, ಅದೂ ಬೀಗವಿಲ್ಲದೆ. ನೋಟ್‌ಬುಕ್ಕಿನ ಹತ್ತಾರು ಪುಟಗಳನ್ನು ಯಾರಾದರೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ತೊಂಬತ್ತು ವ್ಯವಹಾರಗಳ ಒಳಹೊರಗು ಅವರ ಕೈ ಸೇರುತ್ತದೆ, ಹಾಗಾದದ್ದು ನಿಮಗೆ ತಿಳಿಯುವುದೂ ಇಲ್ಲ. ಎಕ್ಸೆಲ್ ಫೈಲಿನ ಪರಿಸ್ಥಿತಿ ಇನ್ನೂ ಕಷ್ಟದ್ದು. ‘ಪ್ರೊಟೆಕ್ಟ್ ಶೀಟ್’ ಒತ್ತಿದರೆ ಫೈಲು ಭದ್ರವಾಯಿತೆಂದು ಬಹಳ ಜನ ತಿಳಿದಿದ್ದಾರೆ. ಅದು ಬರೆದದ್ದನ್ನು ತಿದ್ದದಂತೆ ತಡೆಯುತ್ತದೆಯೇ ಹೊರತು ಓದದಂತೆ ತಡೆಯುವುದಿಲ್ಲ. ಫೈಲನ್ನೇ ಪಾಸ್‌ವರ್ಡ್‌ನಿಂದ ಎನ್‌ಕ್ರಿಪ್ಟ್ ಮಾಡುವ, ಅಂದರೆ ಕೀಲಿಯಿಲ್ಲದೆ ಓದಲಾಗದ ಗೂಢಲಿಪಿಗೆ ಬದಲಿಸುವ ಬೇರೊಂದು ಆಯ್ಕೆ ಎಕ್ಸೆಲ್‌ನಲ್ಲಿದೆ, ಅದು ತಕ್ಕಮಟ್ಟಿಗೆ ಗಟ್ಟಿಯಾದದ್ದೇ. ಆದರೆ ಬೆಳಿಗ್ಗೆ ತೆರೆದ ಫೈಲು ಸಂಜೆ ಬಾಗಿಲು ಹಾಕುವವರೆಗೂ ಪರದೆಯ ಮೇಲೆ ಇರುವ ಕಚೇರಿಯಲ್ಲಿ, ಅದರ ಪ್ರತಿಗಳು ವಾಟ್ಸಾಪ್ ಮೂಲಕ ಸಹಾಯಕರ ಫೋನುಗಳಿಗೆ ಹೋಗಿರುವಾಗ, ಆ ಗಟ್ಟಿತನದಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೇ.

ನೋಟ್‌ಬುಕ್ಕನ್ನು ನಾನು ಹಳಿಯುವುದಿಲ್ಲ. ಮನೆಯ ಬೀರುವಿನಲ್ಲಿರುವ ಪುಸ್ತಕವನ್ನು ಇಂಟರ್ನೆಟ್ಟಿನ ಕಳ್ಳ ಓದಲಾರ. ನಾಲ್ಕೈದು ಖಾತೆಗಳಿರುವ ಹಿರಿಯರಿಗೆ ಅದೇ ಸಾಕೆಂದು ನಾನೇ ಹೇಳಿದ್ದುಂಟು. ತೊಂದರೆ ಇರುವುದು ಬೇರೆಡೆ. ಪುಸ್ತಕ ನೋಡಿಕೊಂಡು ಕೈಯಿಂದ ಒತ್ತಬೇಕಾದ ಪಾಸ್‌ವರ್ಡ್ ತಾನಾಗಿಯೇ ಚಿಕ್ಕದೂ ಸುಲಭದ್ದೂ ಆಗಿಬಿಡುತ್ತದೆ. ನಿಮ್ಮ ಪಟ್ಟಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ಓದಿ ನೋಡಿ. ದುಗ್ಗಮ್ಮ@123 ಎಂಬಂಥದ್ದು ಎಷ್ಟು ಸಲ ಬಂದಿದೆ? ಅಂಗಡಿಯ ಹೆಸರಿನ ಮುಂದೆ ಜಿಎಸ್‌ಟಿ ಜಾರಿಗೆ ಬಂದ ವರ್ಷವಾದ 2017 ಸೇರಿಸಿದ್ದು ಎಷ್ಟಿವೆ? ಕೆಎ 17ರಿಂದ ಆರಂಭವಾಗುವ ಗಾಡಿ ನಂಬರುಗಳು? ಪೋರ್ಟಲ್ ಬದಲಿಸಲೇಬೇಕೆಂದು ಪಟ್ಟು ಹಿಡಿದಾಗ 123 ಎಂಬುದು 1234 ಆಗಿರುವುದನ್ನೂ ಕಾಣುತ್ತೀರಿ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರ ತನ್ನ ಮಾರ್ಗಸೂಚಿಯಲ್ಲಿ, ಕಾರಣವಿಲ್ಲದೆ ಆಗಾಗ ಪಾಸ್‌ವರ್ಡ್ ಬದಲಿಸುವಂತೆ ಬಳಕೆದಾರರನ್ನು ಬಲವಂತಪಡಿಸಬಾರದೆಂದು ಹೇಳಿದ್ದು ಇದೇ ಕಾರಣಕ್ಕಾಗಿ: ಜನ ಹೊಸದನ್ನು ಯೋಚಿಸುವುದಿಲ್ಲ, ಹಳೆಯದರ ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾರೆ. ನಮ್ಮ ಬ್ಯಾಂಕುಗಳು, ಪೋರ್ಟಲ್‌ಗಳು ಇನ್ನೂ ಬದಲಿಸಿ ಎನ್ನುತ್ತಲೇ ಇವೆ, ಆ ಮಾತು ಬೇರೆ.

ಒಂದೇ ಪಾಸ್‌ವರ್ಡನ್ನು ಹಲವೆಡೆ ಬಳಸುವುದರ ಅಪಾಯ ಎಂಥದ್ದೆಂದು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪಾಸ್‌ವರ್ಡ್ ಮ್ಯಾನೇಜರಿನ ಮುಖ್ಯ ಲಾಭ ಇರುವುದು ಅದನ್ನು ತಪ್ಪಿಸುವುದರಲ್ಲಿ. ನೆನಪಿನ ಹೊರೆ ಇಳಿಯುವುದು ಅದರ ಜೊತೆಗೆ ಸಿಗುವ ಅನುಕೂಲವಷ್ಟೇ. ಕಳ್ಳರು ನಿಮ್ಮನ್ನು ಗುರಿ ಮಾಡಿಕೊಂಡು ಕುಳಿತಿರುವುದಿಲ್ಲ. ಎಲ್ಲಿಯೋ ಒಂದು ಸಾಮಾನ್ಯ ಜಾಲತಾಣದಿಂದ ಇಮೇಲ್ ಮತ್ತು ಪಾಸ್‌ವರ್ಡ್‌ಗಳ ಪಟ್ಟಿ ಸೋರುತ್ತದೆ. ಅದನ್ನು ಕೊಂಡವರು ಅದೇ ಜೋಡಿಗಳನ್ನು ಯಂತ್ರದ ಸಹಾಯದಿಂದ ಜಿಮೇಲ್, ಬ್ಯಾಂಕು, ಶಾಪಿಂಗ್ ತಾಣಗಳ ಮೇಲೆಲ್ಲ ಒಂದೊಂದಾಗಿ ಪ್ರಯೋಗಿಸುತ್ತಾ ಹೋಗುತ್ತಾರೆ. ಸಾವಿರದಲ್ಲಿ ಕೆಲವು ಹೊಂದಿಕೊಂಡರೂ ಅವರಿಗೆ ಲಾಭವೇ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಮೂರು ಕೋಟಿಗೂ ಹೆಚ್ಚು ಪಾಸ್‌ವರ್ಡ್‌ಗಳು ಯಾವ ಮುಸುಕೂ ಇಲ್ಲದೆ ಹೊರಬಿದ್ದವು. ಅವುಗಳಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದದ್ದು 123456. ಆ ಪಟ್ಟಿ ಇಂದಿಗೂ ಕಳ್ಳರ ಪ್ರಾಥಮಿಕ ಪಠ್ಯ. 2020ರಲ್ಲಿ ನಮ್ಮ ಬಿಗ್‌ಬಾಸ್ಕೆಟ್‌ನ ಸುಮಾರು ಎರಡು ಕೋಟಿ ಗ್ರಾಹಕರ ಮಾಹಿತಿ ಸೋರಿತು. ತರಕಾರಿ ತರಿಸಿಕೊಂಡ ಖಾತೆಯ ಪಾಸ್‌ವರ್ಡೇ ಜಿಮೇಲಿನದೂ ಆಗಿದ್ದರೆ, ತರಕಾರಿಯ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಜಿಮೇಲ್ ಕೈ ಸೇರಿದವರಿಗೆ ‘ಪಾಸ್‌ವರ್ಡ್ ಮರೆತಿದ್ದೀರಾ’ ಎಂಬ ಕೊಂಡಿಯೊಂದೇ ಸಾಕು, ಮಿಕ್ಕ ಖಾತೆಗಳು ಸಾಲಾಗಿ ತೆರೆದುಕೊಳ್ಳುತ್ತವೆ.

ತೊಂಬತ್ತು ಗ್ರಾಹಕರಿಗೆ ತಲಾ ಮೂರು ಲಾಗಿನ್ ಎಂದರೂ ಇನ್ನೂರೆಪ್ಪತ್ತು ಆದವು. ಇನ್ನೂರೆಪ್ಪತ್ತು ಬೇರೆ ಬೇರೆ ಪಾಸ್‌ವರ್ಡ್‌ಗಳನ್ನು ಮನುಷ್ಯರು ಕಟ್ಟಲೂ ಆರರು, ನೆನಪಿಡಲೂ ಆರರು. ಮ್ಯಾನೇಜರ್ ಆ ಎರಡೂ ಕೆಲಸಗಳನ್ನು ವಹಿಸಿಕೊಳ್ಳುತ್ತದೆ: ಅರ್ಥವಿಲ್ಲದ, ಯಾರ ತಲೆಯಿಂದಲೂ ಬಾರದ ಅಕ್ಷರಸರಣಿಯನ್ನು ತಾನೇ ಹೆಣೆದು, ಎನ್‌ಕ್ರಿಪ್ಟ್ ಮಾಡಿ ಇಟ್ಟು, ಬೇಕಾದಾಗ ಸರಿಯಾದ ಪುಟದಲ್ಲಿ ತುಂಬುತ್ತದೆ. ಹೀಗಿರುವಾಗ ಒಂದು ಕಡೆ ಸೋರಿದ್ದು ಆ ಒಂದು ಖಾತೆಯಲ್ಲಿಯೇ ನಿಲ್ಲುತ್ತದೆ. ನಮ್ಮ ಪೋರ್ಟಲ್‌ಗಳ ವಿಷಯದಲ್ಲಿ ಒಂದು ಸಣ್ಣ ತಾಂತ್ರಿಕ ಸೂಚನೆ: ಇಲ್ಲಿ ಕೆಲವು ಹದಿನಾಲ್ಕು-ಹದಿನೈದು ಅಕ್ಷರಗಳಿಗಿಂತ ಉದ್ದದ ಪಾಸ್‌ವರ್ಡನ್ನು ಒಪ್ಪುವುದೇ ಇಲ್ಲ, ಆದ್ದರಿಂದ ಮ್ಯಾನೇಜರಿನ ಜನರೇಟರಿನಲ್ಲಿ ಉದ್ದವನ್ನು 14ಕ್ಕೆ ಇಟ್ಟುಕೊಳ್ಳಿ. ಯದೃಚ್ಛೆಯಾಗಿ ಬಂದ ಹದಿನಾಲ್ಕು ಅಕ್ಷರಗಳು ಬೇಕಾದಷ್ಟಾಯಿತು.

ಇನ್ನು ಮ್ಯಾನೇಜರಿನಲ್ಲಿ ಪಾಸ್‌ವರ್ಡ್‌ಗಳೆಲ್ಲ ಇರುವ ತಿಜೋರಿಯೇ ಕಳುವಾದರೆ ಎಂಬ ಪ್ರಶ್ನೆ. ಒಳ್ಳೆಯ ಮ್ಯಾನೇಜರುಗಳಲ್ಲಿ ನೀವು ಒತ್ತುವ ಮಾಸ್ಟರ್ ಪಾಸ್‌ವರ್ಡ್ ಕಂಪನಿಯ ಸರ್ವರಿಗೆ ಹೋಗುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿಯೇ ಅದನ್ನು ಲಕ್ಷಗಟ್ಟಲೆ ಸುತ್ತುಗಳ ಗಣಿತಕ್ಕೆ ಒಳಪಡಿಸಿ ಒಂದು ಕೀಲಿಯನ್ನು ತೆಗೆಯಲಾಗುತ್ತದೆ. ಬಿಟ್‌ವಾರ್ಡನ್ ಎಂಬ ಮ್ಯಾನೇಜರ್ 2023ರಿಂದ ಹೊಸ ಖಾತೆಗಳಿಗೆ 6 ಲಕ್ಷ ಸುತ್ತುಗಳನ್ನು ಇಟ್ಟಿದೆ. ಆ ಕೀಲಿಯಿಂದ ಎಇಎಸ್-256 ವಿಧಾನದಲ್ಲಿ ಎನ್‌ಕ್ರಿಪ್ಟ್ ಆದ ಕಂತೆ ಮಾತ್ರ ಸರ್ವರಿನಲ್ಲಿರುತ್ತದೆ. ಇಷ್ಟೊಂದು ಸುತ್ತುಗಳು ಏಕೆಂದರೆ, ನಿಮಗೆ ತೆರೆಯುವಾಗ ಕ್ಷಣಮಾತ್ರದ ತಡವಾಗುತ್ತದೆ, ಊಹೆಯ ಮೇಲೆ ಊಹೆ ಮಾಡುತ್ತಾ ಹೋಗುವ ಕಳ್ಳನಿಗೆ ಪ್ರತಿ ಊಹೆಗೂ ಅಷ್ಟೇ ತಡವಾಗುತ್ತದೆ.

ಇದು ಬರೀ ಸಿದ್ಧಾಂತವಲ್ಲ, ಪರೀಕ್ಷೆಗೂ ಒಳಪಟ್ಟಿದೆ. ಲಾಸ್ಟ್‌ಪಾಸ್ ಎಂಬ ಹೆಸರಾಂತ ಮ್ಯಾನೇಜರಿಗೆ 2022ರಲ್ಲಿ ಕನ್ನ ಬಿತ್ತು. ಆಗಸ್ಟ್‌ನಲ್ಲಿ ತಂತ್ರಾಂಶದ ಭಾಗಗಳು ಕಳುವಾದವು. ಅಲ್ಲಿ ಸಿಕ್ಕ ಸುಳಿವುಗಳನ್ನು ಬಳಸಿ ಗ್ರಾಹಕರ ತಿಜೋರಿಗಳ ಬ್ಯಾಕಪ್ ಪ್ರತಿಯನ್ನೂ ಒಯ್ದಿದ್ದಾರೆಂದು ಡಿಸೆಂಬರ್‌ನಲ್ಲಿ ಕಂಪನಿಯೇ ಪ್ರಕಟಿಸಿತು. ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿಯೇ ಇದ್ದವು. ಆದರೆ ಜಾಲತಾಣಗಳ ವಿಳಾಸಗಳು ಹಾಗಿರಲಿಲ್ಲ, ಯಾರ ಖಾತೆ ಎಲ್ಲೆಲ್ಲಿದೆ ಎಂಬುದು ಕಳ್ಳರಿಗೆ ತಿಳಿಯಿತು. ಮೇಲಾಗಿ ಕೆಲವು ಹಳೆಯ ಖಾತೆಗಳಲ್ಲಿ ಸುತ್ತುಗಳ ಸಂಖ್ಯೆ 5,000ದಷ್ಟು ಕಡಿಮೆ ಇತ್ತು. ನಾನು ಇದರಿಂದ ತೆಗೆದುಕೊಂಡ ತೀರ್ಮಾನ ಹೀಗಿದೆ: ತಿಜೋರಿಯೇ ಪರರ ಪಾಲಾದಾಗಲೂ ಮಾಸ್ಟರ್ ಪಾಸ್‌ವರ್ಡ್ ಗಟ್ಟಿಯಾಗಿದ್ದವರಿಗೆ ಎಚ್ಚೆತ್ತು ಎಲ್ಲವನ್ನೂ ಬದಲಿಸಲು ಕಾಲಾವಕಾಶ ಸಿಗುತ್ತದೆ, ದುಗ್ಗಮ್ಮ@123 ಎಂದು ಇಟ್ಟವರಿಗೆ ಸಿಗುವುದಿಲ್ಲ. ನಿಮ್ಮ ಎಕ್ಸೆಲ್ ಫೈಲು ಕಳುವಾದರೆ ಆ ಕಾಲಾವಕಾಶ ಯಾರಿಗೂ ಇಲ್ಲ.

ಆದ್ದರಿಂದ ಮಾಸ್ಟರ್ ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ಧಾರಾಳವಾಗಿ ಶ್ರಮಪಡಬೇಕು. ಅದು ಉದ್ದವಾಗಿರಲಿ, ಒಂದಕ್ಕೊಂದು ಸಂಬಂಧವಿಲ್ಲದ ಪದಗಳ ಸಾಲಾಗಿರಲಿ. ಅರ್ನಾಲ್ಡ್ ರೈನ್‌ಹೋಲ್ಡ್ ಎಂಬುವರು 1995ರಲ್ಲಿ ಸೂಚಿಸಿದ ದಾಳದ ವಿಧಾನ ಈಗಲೂ ಚಲಾವಣೆಯಲ್ಲಿದೆ: 7,776 ಪದಗಳ ಪಟ್ಟಿಯಿಂದ, ಐದು ಸಲ ದಾಳ ಉರುಳಿಸಿ ಬಂದ ಅಂಕಿಗಳ ಪ್ರಕಾರ ಒಂದು ಪದ ಆರಿಸುವುದು. ಹೀಗೆ ಆರು ಪದಗಳನ್ನು ಆರಿಸಿದರೆ ಸಾಧ್ಯತೆಗಳ ಸಂಖ್ಯೆ 22ರ ಮುಂದೆ 22 ಸೊನ್ನೆ ಇಟ್ಟಷ್ಟಾಗುತ್ತದೆ. ದಾಳವಿಲ್ಲದಿದ್ದರೆ ಮ್ಯಾನೇಜರಿನಲ್ಲಿಯೇ ಪದಗಳನ್ನು ಆರಿಸಿಕೊಡುವ ಆಯ್ಕೆ ಇರುತ್ತದೆ. ಕನ್ನಡದ ಪದಗಳೇ ಬೇಕೆಂದರೆ ‘ಹಂಚು ಗೊರವ ನಾಟಿ ಕೊಪ್ಪರಿಗೆ ಬೆರಣಿ ಏತ’ ಎಂಬಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಬಹುದು, ಆದರೆ ಅವನ್ನು ನೀವೇ ಯೋಚಿಸಿ ಆರಿಸಬೇಡಿ. ನಿಘಂಟಿನ ಪುಟ ಸಂಖ್ಯೆಯನ್ನು ಚೀಟಿ ಎತ್ತಿ ನಿರ್ಧರಿಸಿ. ಮನಸ್ಸು ಆರಿಸಿದ್ದು ಯಾವಾಗಲೂ ವಚನದ ಸಾಲಿನ ಕಡೆಗೋ ಮನೆಯವರ ಹೆಸರಿನ ಕಡೆಗೋ ಜಾರುತ್ತದೆ. ಮೇಲೆ ಕೊಟ್ಟಿರುವ ಆರು ಪದಗಳನ್ನೂ ಬಳಸಬೇಡಿ, ಅಚ್ಚಾದದ್ದು ಗುಟ್ಟಲ್ಲ.

ಅದನ್ನು ಮರೆತರೆ ಏನು ಗತಿ ಎಂದು ಕೇಳಿದ್ದೀರಿ. ಕಂಪನಿಗೆ ಅದು ಗೊತ್ತಿಲ್ಲವಾದ್ದರಿಂದ ಕಂಪನಿ ಅದನ್ನು ನಿಮಗೆ ಮರಳಿ ಕೊಡಲಾರದು. ಈ ಕಟುಸತ್ಯವನ್ನು ಮುಚ್ಚಿಟ್ಟು ಮ್ಯಾನೇಜರನ್ನು ಹೊಗಳುವವರನ್ನು ನಂಬಬೇಡಿ. ಪರಿಹಾರ ಸರಳವಾದದ್ದು: ಒಂದು ಹಾಳೆಯಲ್ಲಿ ಮ್ಯಾನೇಜರಿನ ಹೆಸರು, ಲಾಗಿನ್ ಇಮೇಲ್, ಮಾಸ್ಟರ್ ಪಾಸ್‌ವರ್ಡ್, ಎರಡನೇ ಹಂತದ ದೃಢೀಕರಣದ (ಪಾಸ್‌ವರ್ಡಿನ ಜೊತೆಗೆ ಫೋನಿನಲ್ಲಿ ಬರುವ ಕೋಡನ್ನೂ ಕೇಳುವ ವ್ಯವಸ್ಥೆ) ರಿಕವರಿ ಕೋಡ್ ಇಷ್ಟನ್ನು ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ ಬ್ಯಾಂಕ್ ಲಾಕರಿನಲ್ಲಿ ಇಡಿ. ರಿಕವರಿ ಕೋಡ್ ಬರೆಯಲು ಮರೆಯುವವರೇ ಹೆಚ್ಚು. ಫೋನು ಕಳೆದ ದಿನ ಅದಿಲ್ಲದೆ ಸರಿಯಾದ ಮಾಸ್ಟರ್ ಪಾಸ್‌ವರ್ಡ್ ಇದ್ದರೂ ಒಳಗೆ ಹೋಗಲಾಗುವುದಿಲ್ಲ. ನಿಮ್ಮ ಮೂರನೆಯ ಪ್ರಶ್ನೆಗೂ ಇದೇ ಲಕೋಟೆ ಉತ್ತರ. ಅದು ಎಲ್ಲಿದೆ ಎಂದು ಮಗಳಿಗೆ ತಿಳಿಸಿ, ಲಾಕರಿಗೆ ಅವರ ಹೆಸರನ್ನೂ ಸೇರಿಸಿ. ಬಿಟ್‌ವಾರ್ಡನ್‌ನ ಹಣ ಕೊಡುವ ಆವೃತ್ತಿಯಲ್ಲಿ ತುರ್ತು ಪ್ರವೇಶ ಎಂಬ ಸೌಲಭ್ಯವೂ ಇದೆ: ನೀವು ಗೊತ್ತುಪಡಿಸಿದ ವ್ಯಕ್ತಿ ಕೋರಿಕೆ ಸಲ್ಲಿಸಿ, ನೀವು ನಿಗದಿ ಮಾಡಿದಷ್ಟು ದಿನಗಳೊಳಗೆ ನಿರಾಕರಿಸದೇ ಇದ್ದರೆ ಅವರಿಗೆ ತಿಜೋರಿ ತೆರೆಯುತ್ತದೆ.

ನನ್ನ ದೃಷ್ಟಿಯಲ್ಲಿ ಅಷ್ಟೇ ಬೆಲೆಯುಳ್ಳ, ಆದರೆ ಯಾರೂ ಹೆಚ್ಚು ಮಾತನಾಡದ ಮತ್ತೊಂದು ಲಾಭವಿದೆ. ಮ್ಯಾನೇಜರ್ ಪಾಸ್‌ವರ್ಡ್ ತುಂಬುವ ಮುನ್ನ ಪುಟದ ವಿಳಾಸವನ್ನು ನೋಡುತ್ತದೆ. ಉಳಿಸಿಟ್ಟ ವಿಳಾಸಕ್ಕೆ ಅದು ಹೊಂದದಿದ್ದರೆ ತುಂಬುವುದಿಲ್ಲ. ರೀಫಂಡ್ ಬಂದಿದೆ, ನೋಂದಣಿ ರದ್ದಾಗಲಿದೆ ಎಂಬ ಸಂದೇಶದ ಕೊಂಡಿ ಒತ್ತಿದಾಗ ತೆರೆಯುವ ನಕಲಿ ಪುಟದಲ್ಲಿ ಲಾಂಛನ, ಬಣ್ಣ, ಕನ್ನಡ ಎಲ್ಲ ಸರಿಯಾಗಿಯೇ ಇರುತ್ತವೆ, ವಿಳಾಸದಲ್ಲಿ ಒಂದು ಅಕ್ಷರ ಮಾತ್ರ ಬೇರೆ. ಜಿಎಸ್‌ಟಿಯ ಮಾಸಿಕ ರಿಟರ್ನ್ ಆದ 3ಬಿ ಸಲ್ಲಿಕೆಯ ಕೊನೆಯ ದಿನವಾದ 20ನೇ ತಾರೀಖಿನ ಸಂಜೆ, ಸರ್ವರ್ ನಿಧಾನವಾಗಿರುವಾಗ, ಅಕಸ್ಮಾತ್ ವಿದ್ಯುತ್ತೂ ಕೈಕೊಟ್ಟಿರುವಾಗ, ಆ ಒಂದು ಅಕ್ಷರವನ್ನು ಗಮನಿಸುವ ತಾಳ್ಮೆ ಯಾರಿಗಿರುತ್ತದೆ? ಮ್ಯಾನೇಜರಿಗೆ ಇರುತ್ತದೆ. ಅದು ತುಂಬದೇ ಸುಮ್ಮನಿದ್ದರೆ ನೀವೂ ಅಲ್ಲಿಯೇ ನಿಲ್ಲಬೇಕು. ಕಾಪಿ ಮಾಡಿ ಅಂಟಿಸಿಬಿಟ್ಟರೆ ಈ ಲಾಭವನ್ನು ನೀವೇ ಕಳೆದುಕೊಂಡಂತೆ.

ಇಲ್ಲೊಂದು ತೊಡಕಿದೆ. ಕೆಲವು ಸಲ ನಿಜವಾದ ವಿಳಾಸವೇ ಬದಲಾಗುತ್ತದೆ. 2021ರ ಜೂನ್‌ನಲ್ಲಿ ಆದಾಯ ತೆರಿಗೆಯ ಇ-ಫೈಲಿಂಗ್ ಪೋರ್ಟಲ್ ಹೊಸ ವಿಳಾಸಕ್ಕೆ ಹೋದದ್ದು ನಿಮಗೆ ನೆನಪಿರುತ್ತದೆ. ಅದೇ ರೀತಿ ನಮ್ಮ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತು. ನಕಲಿ ಬ್ಯಾಂಕ್ ಪುಟಗಳನ್ನು ತಡೆಯುವ ಒಳ್ಳೆಯ ಕ್ರಮವೇ ಇದು. ಆದರೆ ಹಳೆಯ ವಿಳಾಸದಡಿ ಉಳಿಸಿದ ಪಾಸ್‌ವರ್ಡನ್ನು ಹೊಸ ಪುಟದಲ್ಲಿ ಮ್ಯಾನೇಜರ್ ತುಂಬದು. ಆಗ ಬ್ಯಾಂಕಿನ ಪುಟಕ್ಕೆ ಕೊಂಡಿಯಿಂದಲ್ಲದೆ ವಿಳಾಸವನ್ನು ಸ್ವತಃ ಟೈಪ್ ಮಾಡಿ ಹೋಗಿ, ಕೊನೆಯ ಭಾಗವನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡು, ಅದೇ ನಮೂದಿಗೆ ಹೊಸ ವಿಳಾಸವನ್ನು ಸೇರಿಸಿ. ಒಮ್ಮೆ ಮಾಡುವ ಕೆಲಸ.

ಮ್ಯಾನೇಜರ್ ಮಾಡಲಾಗದ ಕೆಲಸಗಳೂ ಇವೆ. ಫೋನಿನಲ್ಲಿ ಯಾರೋ ಅಧಿಕಾರಿಯಂತೆ ಗದರಿಸಿ ಒಟಿಪಿ ಕೇಳಿದಾಗ ನೀವೇ ಹೇಳಿಬಿಟ್ಟರೆ ಅದು ತಡೆಯಲಾರದು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದೊಂದೇ ದಾರಿ. ಯುಪಿಐ ಪಿನ್ ತಲೆಯಲ್ಲಿಯೇ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕಂಪ್ಯೂಟರೇ ಕೆಟ್ಟಿದ್ದರೆ ಯಾವ ತಿಜೋರಿಯೂ ಕಾಯುವುದಿಲ್ಲ. ಸಣ್ಣ ಕಚೇರಿಗಳಲ್ಲಿ ಕ್ರ್ಯಾಕ್ ಮಾಡಿದ ವಿಂಡೋಸ್, ಕ್ರ್ಯಾಕ್ ಮಾಡಿದ ಲೆಕ್ಕದ ಸಾಫ್ಟ್‌ವೇರ್ ಹಾಕಿಸಿಕೊಳ್ಳುವ ರೂಢಿ ಇದೆ. ಅಂಥವುಗಳ ಜೊತೆಯಲ್ಲಿ ಬರುವ ಕುತಂತ್ರಾಂಶಗಳ ಮೊದಲ ಕೆಲಸವೇ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಗುಡಿಸಿ ಹೊರಗೆ ಕಳುಹಿಸುವುದು. ತೆರೆದಿರುವ ತಿಜೋರಿಯೂ ಅದಕ್ಕೆ ಸಿಕ್ಕಬಹುದು. ನಿಮ್ಮಲ್ಲಿ ಹಾಗೇನಾದರೂ ಇದ್ದರೆ ಮೊದಲು ಅದನ್ನು ತೆಗೆಸಿ, ಆಮೇಲೆ ಮ್ಯಾನೇಜರಿನ ಮಾತು.

ಯಾವುದನ್ನು ಆರಿಸಬೇಕು? ಮನೆಯ ಮಟ್ಟಿಗೆ ಆಂಡ್ರಾಯ್ಡ್ ಮತ್ತು ಕ್ರೋಮ್‌ನಲ್ಲಿಯೇ ಇರುವ ಗೂಗಲ್‌ನದು ಅಥವಾ ಐಫೋನಿನಲ್ಲಿರುವ ಪಾಸ್‌ವರ್ಡ್ಸ್ ಆ್ಯಪ್ ಸಾಕು. ಸೋರಿಕೆಯಾದ ಪಾಸ್‌ವರ್ಡ್ ಬಳಸುತ್ತಿದ್ದರೆ ಅವು ಎಚ್ಚರಿಸುತ್ತವೆ ಕೂಡ. ನಿಮ್ಮ ಕಚೇರಿಗೆ ಅವು ಹೊಂದುವುದಿಲ್ಲ, ಏಕೆಂದರೆ ಮೂವರೂ ಒಂದೇ ವಿಂಡೋಸ್ ಲಾಗಿನ್‌ನಲ್ಲಿ ಕೂರುವ ಯಂತ್ರದಲ್ಲಿ ಬ್ರೌಸರ್ ಯಾರಿಗೆ ಬೇಕಾದರೂ ಪಾಸ್‌ವರ್ಡ್ ತುಂಬಿಕೊಡುತ್ತದೆ. ಬಿಟ್‌ವಾರ್ಡನ್ ಅಥವಾ 1ಪಾಸ್‌ವರ್ಡ್‌ನಂತಹ ಪ್ರತ್ಯೇಕ ಮ್ಯಾನೇಜರ್ ನಿಮಗೆ ಬೇಕು. ಬಿಟ್‌ವಾರ್ಡನ್ ಮುಕ್ತ ತಂತ್ರಾಂಶ, ಒಬ್ಬರ ಬಳಕೆಗೆ ಉಚಿತ. ಕಚೇರಿಯಲ್ಲಿ ಹಂಚಿಕೊಳ್ಳಲು ಹಣ ಕೊಡುವ ಆವೃತ್ತಿ ತೆಗೆದುಕೊಳ್ಳಿ ಎನ್ನುತ್ತೇನೆ. ಏನನ್ನೂ ಇಂಟರ್ನೆಟ್ಟಿಗೆ ಕಳುಹಿಸಲು ಮನಸ್ಸಿಲ್ಲದವರಿಗೆ ಕೀಪಾಸ್‌ಎಕ್ಸ್‌ಸಿ ಇದೆ, ಅದರಲ್ಲಿ ತಿಜೋರಿ ನಿಮ್ಮ ಕಂಪ್ಯೂಟರಿನಲ್ಲಿಯೇ ಒಂದು ಫೈಲಾಗಿ ಇರುತ್ತದೆ. ಬ್ಯಾಕಪ್ ಮಾಡುವ ಶಿಸ್ತು ಪೂರ್ತಿ ನಿಮ್ಮದೇ.

ಹಂಚಿಕೆಯ ವಿಷಯದಲ್ಲಿ ನಿಮ್ಮ ವೃತ್ತಿಗೆ ವಿಶೇಷವಾದ ಕೆಲವು ಮಾತುಗಳಿವೆ. ಮಂಡಕ್ಕಿ ಭಟ್ಟಿಯ ಒಬ್ಬ ಮಾಲೀಕರ ನಮೂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅದರಲ್ಲಿ ಯೂಸರ್ ಐಡಿ, ಪಾಸ್‌ವರ್ಡ್ ಇರಲಿ. ಅದರ ಕೆಳಗಿನ ಟಿಪ್ಪಣಿಯಲ್ಲಿ ನೋಂದಾಯಿತ ಮೊಬೈಲ್ ಯಾರದು, ಇಮೇಲ್ ಯಾರದು, ಡಿಜಿಟಲ್ ಸಹಿಯ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನೂ ಬರೆಯಿರಿ. ನೋಂದಣಿಯ ದಿನ ಅವಸರದಲ್ಲಿ ಸಲಹೆಗಾರರದೇ ಮೊಬೈಲ್ ಮತ್ತು ಇಮೇಲ್ ಕೊಟ್ಟಿರುವ ಪ್ರಕರಣಗಳು ದೇಶದೆಲ್ಲೆಡೆ ಇವೆ. ಒಟಿಪಿ ನಿಮಗೆ ಬರುವುದು ಅನುಕೂಲವೆಂದು ತೋರಿದರೂ, ನಾಳೆ ಆ ಲಾಗಿನ್‌ನಿಂದ ಯಾರಾದರೂ ಸುಳ್ಳು ಇನ್‌ವಾಯ್ಸ್ ಏರಿಸಿದರೆ ಬೆರಳು ಮೊದಲು ನಿಮ್ಮ ಕಡೆಗೆ ತಿರುಗುತ್ತದೆ. ಪಟ್ಟಿಯನ್ನು ಮ್ಯಾನೇಜರಿಗೆ ಸಾಗಿಸುವಾಗಲೇ ಅವನ್ನು ಗ್ರಾಹಕರ ಸ್ವಂತ ಸಂಖ್ಯೆಗೆ ಬದಲಿಸಿಬಿಡಿ.

ಇನ್ನೂ ಉತ್ತಮವಾದದ್ದು ಪಾಸ್‌ವರ್ಡನ್ನೇ ಇಟ್ಟುಕೊಳ್ಳದಿರುವುದು. ನೀವು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿತರಾಗಿದ್ದರೆ, ಗ್ರಾಹಕರು ತಮ್ಮ ಲಾಗಿನ್‌ನಿಂದ ನಿಮ್ಮನ್ನು ನಿಯೋಜಿಸಿಕೊಂಡು, ನೀವು ನಿಮ್ಮದೇ ಲಾಗಿನ್‌ನಿಂದ ಅವರ ಕೆಲಸ ಮಾಡುವ ವ್ಯವಸ್ಥೆ ಪೋರ್ಟಲ್‌ನಲ್ಲಿದೆ. ಇ-ವೇ ಬಿಲ್ ಪೋರ್ಟಲ್‌ನಲ್ಲಿ ಸಹಾಯಕರಿಗೆ ಪ್ರತ್ಯೇಕ ಸಬ್-ಯೂಸರ್ ಮಾಡಬಹುದು. ಇವುಗಳಿಂದಲೇ ಮುಗಿಯುವ ಗ್ರಾಹಕರನ್ನು ಪಟ್ಟಿಯಿಂದ ಬಿಟ್ಟು, ಉಳಿದವರದನ್ನು ಮಾತ್ರ ಮ್ಯಾನೇಜರಿನಲ್ಲಿ ಗುಂಪು ಮಾಡಿ, ಯಾವ ಸಹಾಯಕರು ಯಾರ ಕೆಲಸ ಮಾಡುತ್ತಾರೋ ಅವರಿಗೆ ಆ ಗುಂಪನ್ನಷ್ಟೇ ಹಂಚಿ. ಪಾಸ್‌ವರ್ಡನ್ನು ತೋರಿಸದೆ ತುಂಬಲು ಮಾತ್ರ ಬಿಡುವ ಆಯ್ಕೆ ಇದೆ, ಆದರೆ ಅದನ್ನು ಪೂರ್ತಿ ನೆಚ್ಚಬೇಡಿ. ಬ್ರೌಸರ್ ಬಲ್ಲವರು ತುಂಬಿದ್ದನ್ನು ಓದಬಲ್ಲರು. ಸಹಾಯಕರು ಕೆಲಸ ಬಿಟ್ಟ ದಿನ ಅವರ ಪ್ರವೇಶ ತೆಗೆದು, ಅವರಿಗೆ ಹಂಚಿದ್ದ ಗುಂಪಿನ ಪಾಸ್‌ವರ್ಡ್‌ಗಳನ್ನು ಬದಲಿಸಿ. ನೋಟ್‌ಬುಕ್ಕಿನ ಕಾಲದಲ್ಲಿ ಈ ಬದಲಾವಣೆ ಯಾರ ಕೈಯಲ್ಲೂ ಆಗುತ್ತಿರಲಿಲ್ಲ, ಯಾವುವನ್ನು ಬದಲಿಸಬೇಕೆಂದೇ ತಿಳಿಯುತ್ತಿರಲಿಲ್ಲ.

ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಮೊದಲ ದಿನ ನಿಮ್ಮ ಜಿಮೇಲ್ ಮತ್ತು ಮ್ಯಾನೇಜರ್ ಎರಡಕ್ಕೂ ಎರಡನೇ ಹಂತದ ದೃಢೀಕರಣ ಹಾಕಿ. ಆಮೇಲೆ ನಿಮ್ಮ ಬ್ಯಾಂಕು. ಗ್ರಾಹಕರದನ್ನು ಅವರವರ ರಿಟರ್ನ್ ಕೈಗೆ ಬಂದಾಗ, ಅವರಿಗೆ ತಿಳಿಸಿ ಒಂದೊಂದಾಗಿ ಬದಲಿಸುತ್ತಾ ಬಂದರೆ ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ಎಕ್ಸೆಲ್ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಉಳಿಸಿ ಮ್ಯಾನೇಜರಿಗೆ ಒಮ್ಮೆಗೇ ಏರಿಸಬಹುದು, ಆದರೆ ಆ ಸಿಎಸ್‌ವಿ ಯಾರು ಬೇಕಾದರೂ ಓದಬಹುದಾದ ಬರೀ ಅಕ್ಷರ. ಏರಿಸಿ, ನಾಲ್ಕಾರು ನಮೂದುಗಳನ್ನು ತೆರೆದು ಸರಿಯಾಗಿವೆಯೇ ಎಂದು ನೋಡಿದ ಕೂಡಲೇ ಅದನ್ನೂ ಮೂಲ ಎಕ್ಸೆಲ್ಲನ್ನೂ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ, ಪೆನ್‌ಡ್ರೈವ್, ಇಮೇಲ್, ಸಹಾಯಕರ ವಾಟ್ಸಾಪ್‌ಗಳಲ್ಲಿರುವ ಪ್ರತಿಗಳನ್ನು ಹುಡುಕಿ ತೆಗೆಸಿ. ಕೊನೆಗೆ ಕಚೇರಿಯ ಕಂಪ್ಯೂಟರುಗಳ ಬ್ರೌಸರಿನಲ್ಲಿ ಈಗಾಗಲೇ ಉಳಿದಿರುವ ಪಾಸ್‌ವರ್ಡ್‌ಗಳನ್ನು ಅಳಿಸಿ, ಉಳಿಸಲೇ ಎಂದು ಅದು ಕೇಳುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ. ಇಲ್ಲವಾದರೆ ಹೊಸ ಪಾಸ್‌ವರ್ಡ್‌ಗಳೂ ಮುಂದಿನ ತಿಂಗಳ ಹೊತ್ತಿಗೆ ಅಲ್ಲಿ ಸೇರಿಕೊಂಡಿರುತ್ತವೆ.